ಹಳೆಯ ಸೆಸ್ನಾದ ನಾಬ್ ಒಡೆದರೆ ಯಾವುದನ್ನು ಹಾಕಬೇಕು?

ಹೋದ ಜನವರಿಯಲ್ಲಿ ಓಹಾಯೋದ ನಮ್ಮ ಸಣ್ಣ ಏರ್‌ಪೋರ್ಟಿನಲ್ಲಿ ಇಳಿದು, ಹ್ಯಾಂಗರಿನ ಮುಂದೆ ಎಂಜಿನ್ ನಿಲ್ಲಿಸಲು ಮಿಕ್ಸ್‌ಚರ್ ನಾಬ್, ಅಂದರೆ ಪೆಟ್ರೋಲು-ಗಾಳಿಯ ಬೆರಕೆಯನ್ನು ಹತೋಟಿಯಲ್ಲಿಡುವ ನಾಬ್, ಎಳೆದೆ. ಎಂಜಿನ್ ನಿಂತಿತು. ಕೆಂಪು ನಾಬಿನ ಅರ್ಧ ಹೋಳು ನನ್ನ ಅಂಗೈಯಲ್ಲಿತ್ತು, ಇನ್ನರ್ಧ ಸರಳಿನ ತುದಿಯಲ್ಲಿ ಮುರಿದ ಹಲ್ಲಿನ ಹಾಗೆ ನಿಂತಿತ್ತು. ವಿಮಾನ 1967ರ ಸೆಸ್ನಾ 172ಎಚ್. ನಾವು ಮೂವರು ಸ್ನೇಹಿತರು ಪಾಲಿನಲ್ಲಿ ಕೊಂಡದ್ದು. ಇದೇ ನಾಬ್ ಹತ್ತು ನಿಮಿಷ ಮುಂಚೆ, ಮೇಲಿದ್ದಾಗ ಒಡೆದಿದ್ದರೆ ಏನು ಮಾಡುತ್ತಿದ್ದೆ ಎಂಬ ಯೋಚನೆ ಆ ರಾತ್ರಿ ನನ್ನನ್ನು ಬಿಡಲಿಲ್ಲ.

ನಮ್ಮ ಕಡೆ ಬೆಳೆದವರಿಗೆ ಮುರಿದ ನಾಬ್ ಹೊಸದೇನಲ್ಲ. ಮಿಕ್ಸಿಯದು ಮುರಿದರೆ ಇಕ್ಕಳ ಹಿಡಿದು ತಿರುಗಿಸುತ್ತೇವೆ, ಫ್ಯಾನ್ ರೆಗ್ಯುಲೇಟರಿನದು ಸಡಿಲಾದರೆ ಒಳಗೆ ಕಾಗದ ಮಡಿಚಿ ತುರುಕುತ್ತೇವೆ, ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಎಂಥ ನಾಬಿಗೂ ಒಂದು ಜೋಡಿ ಹುಡುಕಿಕೊಂಡು ಬರುತ್ತೇವೆ. ನನ್ನ ಕೈಯೂ ಅಂದು ಮೊದಲು ಹೋದದ್ದು ಇಕ್ಕಳದ ಕಡೆಗೇ. ಆಮೇಲಿನ ಆರು ವಾರ ನಾನು ಕೇಳಿದ್ದು, ಓದಿದ್ದು, ಕೊಂಡು ವಾಪಸ್ ಕಳಿಸಿದ್ದು ಎಲ್ಲದರ ಸಾರ ಇಲ್ಲಿದೆ. ಹಳೆಯ ಸಣ್ಣ ವಿಮಾನ ಇಟ್ಟುಕೊಂಡಿರುವ ಕನ್ನಡಿಗರು ಅಮೆರಿಕದಲ್ಲಿ ಅಲ್ಲಲ್ಲಿ ಇದ್ದಾರೆ. ಅವರಿಗೆ ನೇರವಾಗಿ, ಯಂತ್ರಗಳ ಮೇಲೆ ಪ್ರೀತಿ ಇರುವ ಉಳಿದವರಿಗೆ ಕುತೂಹಲಕ್ಕಾದರೂ ಇದು ದಕ್ಕಬಹುದು.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಎಂಜಿನ್, ಇಂಧನ ಅಥವಾ ಹಾರಾಟದ ಹತೋಟಿಗೆ ಸೇರಿದ ನಾಬ್ ಆದರೆ ಪಿಎಂಎ ಒಪ್ಪಿಗೆಯಿರುವ (ಅಂದರೆ ಮೂಲ ಕಂಪನಿಯಲ್ಲದವರು ಸರ್ಕಾರದ ಒಪ್ಪಿಗೆ ಪಡೆದು ತಯಾರಿಸಿದ) ಹೊಸದನ್ನೇ ಹಾಕಿ. ಕೇಬಲ್ ಹಳೆಯದಾಗಿದ್ದರೆ ನಾಬಿನ ಜೊತೆ ಇಡೀ ಕೇಬಲ್ಲನ್ನೂ ಬದಲಿಸಿ. ಗಾಳಿ, ದೀಪ ಇಂಥವುಗಳ ನಾಬ್ ಆದರೆ ಗುಜರಿಯಿಂದ ಬಂದದ್ದೂ ಆಗುತ್ತದೆ, ನೀವೇ ಮಾಡಿಸಿದ್ದೂ ಆಗುತ್ತದೆ. ಅಂಟು ಹಚ್ಚಿ ಕೂಡಿಸುವುದು ಎಲ್ಲಿಯೂ ಬೇಡ. ಯಾಕೆ ಎಂಬುದು ಮುಂದಿದೆ.

ನಾಬ್ ಕೈಗೆ ಬಂದರೆ ಏನಾಗುತ್ತದೆ?

ಆಯ್ಕೆ ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಬೆಲೆ, ಬಣ್ಣ, ಸಿಗುವ ಜಾಗ ಎಲ್ಲ ಆಮೇಲೆ. ವಿಮಾನದಲ್ಲಿ ಕುಳಿತು, ಎಂಜಿನ್ ಆರಿಸಿಕೊಂಡು, ಒಂದೊಂದೇ ನಾಬನ್ನು ಮುಟ್ಟಿ ‘ಇದು ಕಳಚಿ ಬಂದರೆ?’ ಎಂದು ಕೇಳಿಕೊಳ್ಳಿ. ನಾನು ಹಾಗೆ ಕುಳಿತಾಗ ಕೆಲವು ಉತ್ತರಗಳು ನಾನು ಎಣಿಸಿದ ಹಾಗಿರಲಿಲ್ಲ.

ಎಂಜಿನ್ನಿನ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ವಿಷಯ ಹೇಳಬೇಕಾಗಿಲ್ಲ. ಇಳಿಯುವಾಗ ಓಡುದಾರಿಯ ಮೇಲೆ ಯಾವುದೋ ಪ್ರಾಣಿ ಕಂಡು ಮತ್ತೆ ಮೇಲೇಳಬೇಕಾದ ಗಳಿಗೆಯಲ್ಲಿ ಬರಿಯ ಸರಳು ಬೆರಳಿಗೆ ಸಿಕ್ಕುವುದಿಲ್ಲ. ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿಗೆ ಬಿಸಿಗಾಳಿ ಬಿಡುವ ಕಾರ್ಬುರೇಟರ್ ಹೀಟ್ ನಾಬನ್ನು ಹಲವರು ಹಗುರವಾಗಿ ನೋಡುತ್ತಾರೆ. ನಮ್ಮ 172ರಲ್ಲಿರುವ ಕಾಂಟಿನೆಂಟಲ್ ಒ-300, ಆರು ಸಿಲಿಂಡರಿನ 145 ಅಶ್ವಶಕ್ತಿಯ ಎಂಜಿನ್. ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟಿಕೊಳ್ಳುವುದಕ್ಕೆ ಅದು ಹೆಸರಾದದ್ದು. ಪೆಟ್ರೋಲು ಆವಿಯಾಗುವಾಗ ಒಳಗಿನ ಗಾಳಿ ಮೂವತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗಬಲ್ಲದು. ಆದ್ದರಿಂದ ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇರುವ, ತೇವ ತುಂಬಿದ ಹಿತವಾದ ಸಂಜೆಯಲ್ಲೂ ಒಳಗೆ ಗಡ್ಡೆ ಕಟ್ಟುತ್ತದೆ. ಅದನ್ನು ಕರಗಿಸುವ ಏಕೈಕ ಉಪಾಯ ಆ ನಾಬ್.

ಕ್ಯಾಬಿನ್ ಹೀಟ್ ನಾಬಿನ ವಿಷಯದಲ್ಲಿ ನಾನೂ ತಪ್ಪು ತಿಳಿದಿದ್ದೆ. ಚಳಿಯಾದರೆ ಸ್ವೆಟರ್ ಹಾಕಿಕೊಂಡರಾಯಿತು, ಈ ನಾಬ್ ಹೋದರೆ ಹೋಗಲಿ ಎಂದುಕೊಂಡಿದ್ದೆ. ಆದರೆ ಈ ವಿಮಾನಗಳಲ್ಲಿ ಒಳಗೆ ಬರುವ ಬಿಸಿಗಾಳಿ ಎಂಜಿನ್ನಿನ ಮಫ್ಲರಿನ ಸುತ್ತ ಇರುವ ತಗಡಿನ ಕವಚದಿಂದ ಬರುತ್ತದೆ. ಮಫ್ಲರ್ ಬಿರುಕು ಬಿಟ್ಟರೆ ಅದರ ಜೊತೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಆಗ ಮೊದಲು ಮಾಡಬೇಕಾದ ಕೆಲಸ ಹೀಟನ್ನು ಮುಚ್ಚುವುದು. ತೆರೆದ ಸ್ಥಿತಿಯಲ್ಲಿ ನಾಬ್ ಕಳಚಿಕೊಂಡಿದ್ದರೆ? ಹೀಗಾಗಿ ನನ್ನ ಪಟ್ಟಿಯಲ್ಲಿ ಕ್ಯಾಬಿನ್ ಹೀಟ್ ಮೇಲಿನ ಸಾಲಿಗೆ ಹೋಯಿತು. ತಂಪು ಗಾಳಿಯ ನಾಬ್ ಕೆಳಗೇ ಉಳಿಯಿತು.

ಇಂಧನದ ತೊಟ್ಟಿ ಬದಲಿಸುವ ಹಿಡಿಯ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಒಂದು ಪ್ರಸಂಗವಿದೆ. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ತಮ್ಮ ಲಾಂಗ್-ಈಜ಼ಿ ವಿಮಾನ ಬಿದ್ದು ತೀರಿಕೊಂಡರು. ಅದು ಮನೆಯಲ್ಲಿ ಕಟ್ಟಿದ ವಿಮಾನ. ಕಟ್ಟಿದವರು ಇಂಧನದ ಹಿಡಿಯನ್ನು ಮೂಲ ನಕ್ಷೆಯಲ್ಲಿದ್ದ ಜಾಗದಲ್ಲಿ ಇಡದೆ, ಪೈಲಟ್‌ನ ಎಡ ಭುಜದ ಹಿಂದೆ ಇಟ್ಟಿದ್ದರು. ತಿರುಗಿಸಲು ಅದು ಬಿಗಿಯಾಗಿಯೂ ಇತ್ತು. ಹಾರುವ ಮುಂಚೆ ಅಲ್ಲಿದ್ದ ತಂತ್ರಜ್ಞರೂ ಡೆನ್ವರ್ ಅವರೂ ಆ ಹಿಡಿಗೆ ವೈಸ್-ಗ್ರಿಪ್ ಇಕ್ಕಳ ಕಚ್ಚಿಸಿ, ಕೈಗೆ ಎಟುಕುತ್ತದೆಯೇ ಎಂದು ನೋಡಿದ್ದರು. ಆ ಹಿಡಿಯನ್ನು ತಿರುಗಿಸಲು ಹೋದಾಗ ಗಮನ ತಪ್ಪಿ, ಅರಿವಿಲ್ಲದೆ ರಡರ್ (ಬಾಲದ ಚುಕ್ಕಾಣಿಯ) ಪೆಡಲ್ ಒತ್ತಿ ವಿಮಾನ ಕೈತಪ್ಪಿತು ಎಂದು ತನಿಖೆ ಹೇಳಿತು. ಇಕ್ಕಳದ ಆ ವಿವರ ಓದಿದ ಮೇಲೆ ನನ್ನ ಇಕ್ಕಳವನ್ನು ಪೆಟ್ಟಿಗೆಯಲ್ಲಿ ಹಾಕಿಟ್ಟೆ.

ಆಕಾರಕ್ಕೂ ಇಷ್ಟೇ ತೂಕವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಿ-17 ಬಾಂಬರುಗಳು ಸುರಕ್ಷಿತವಾಗಿ ಇಳಿದ ಮೇಲೆ ಚಕ್ರ ಮಡಿಚಿಕೊಂಡು ಹೊಟ್ಟೆಯ ಮೇಲೆ ಕೂರುತ್ತಿದ್ದವು. ಮನಶ್ಶಾಸ್ತ್ರಜ್ಞ ಅಲ್ಫಾನ್ಸ್ ಚಪಾನಿಸ್ ಹೋಗಿ ನೋಡಿದಾಗ ಫ್ಲಾಪಿನ (ರೆಕ್ಕೆಯ ಹಿಂಬದಿಯಲ್ಲಿ ಇಳಿಯುವ ಹಲಗೆಯ) ಹಿಡಿಯೂ ಚಕ್ರದ ಹಿಡಿಯೂ ಅಕ್ಕಪಕ್ಕದಲ್ಲಿ ಒಂದೇ ಥರ ಇದ್ದವು. ಅವರು ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲಾಪಿನದಕ್ಕೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದರು, ತಪ್ಪು ನಿಂತಿತು. ಆಮೇಲೆ ಬಂದ ಅಮೆರಿಕದ ನಿಯಮಗಳಲ್ಲಿ ನಾಬುಗಳ ಆಕಾರವೇ ಬರೆಯಲ್ಪಟ್ಟಿದೆ. ಥ್ರಾಟಲ್ ಕಪ್ಪು, ಪ್ರೊಪೆಲರ್ ನೀಲಿ, ಮಿಕ್ಸ್‌ಚರ್ ಕೆಂಪು ಎಂಬ ರೂಢಿಯನ್ನೂ ಪೈಲಟುಗಳ ಕಣ್ಣು ಕಲಿತಿದೆ. 1967ರ ನಮ್ಮ ವಿಮಾನಕ್ಕೆ ಆ ನಿಯಮ ಹಿಂದಕ್ಕೆ ಬಂದು ಅನ್ವಯಿಸುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಥ್ರಾಟಲ್ಲಿನ ಪಕ್ಕದಲ್ಲೇ ಮಿಕ್ಸ್‌ಚರ್ ಇದೆ. ಕತ್ತಲಲ್ಲಿ ಒಂದನ್ನು ಇನ್ನೊಂದೆಂದು ಎಳೆದರೆ ಎಂಜಿನ್ ನಿಲ್ಲುತ್ತದೆ. ಚೆಂದ ಕಂಡಿತೆಂದು ಬೇರೆ ಆಕಾರದ, ಬೇರೆ ಬಣ್ಣದ ನಾಬ್ ಹಾಕುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಒಂದು ಅಗುಳು ಹಿಸುಕಿದರೆ ಸಾಕು

ಆ ಕಾಲದ ನಾಬುಗಳು ಬೇಕಲೈಟಿನವು, ಇಲ್ಲವೇ ಸೆಲ್ಯುಲೋಸ್ ಮೂಲದ ಪ್ಲಾಸ್ಟಿಕ್ಕಿನವು. ಬೇಕಲೈಟ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಪೆಡಸು. ಪೆಟ್ಟು ಬಿದ್ದರೆ ಸೀಳುತ್ತದೆ. ಸೆಲ್ಯುಲೋಸ್ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಕುಗ್ಗುತ್ತದೆ. ನಡುವೆ ಕೂತಿರುವ ಹಿತ್ತಾಳೆಯ ಬುಶ್ ಕುಗ್ಗುವುದಿಲ್ಲವಲ್ಲ, ಹಾಗಾಗಿ ಪ್ಲಾಸ್ಟಿಕ್ ಅದರ ಸುತ್ತ ಬಿಗಿದು ಕೊನೆಗೆ ಬಿರಿಯುತ್ತದೆ. ನಮ್ಮ ನಾಬ್ ಒಡೆದದ್ದೂ ಹೀಗೆಯೇ: ಬುಶ್ಶಿನಿಂದ ಹೊರಟ ಬಿರುಕು, ಒಳಭಾಗ ಕೊಳೆ ತುಂಬಿ ಕಪ್ಪಾಗಿತ್ತು. ಅಂದರೆ ಬಹಳ ದಿನದಿಂದ ಸೀಳಿತ್ತು, ನಾವು ನೋಡಿರಲಿಲ್ಲ.

ಅನ್ನ ಬೆಂದಿದೆಯೇ ಎಂದು ನೋಡಲು ಎಲ್ಲ ಅಗುಳನ್ನೂ ಹಿಸುಕಬೇಕಿಲ್ಲ. ಒಂದು ನಾಬ್ ಮುರಿದಿದೆ ಎಂದರೆ ಅದರ ಜೊತೆ ಅದೇ ವರ್ಷ, ಅದೇ ಪ್ಲಾಸ್ಟಿಕ್ಕಿನಲ್ಲಿ ಹುಟ್ಟಿದ ಉಳಿದವೂ ಅದೇ ಹಾದಿಯಲ್ಲಿವೆ. ಟಾರ್ಚ್ ಹಿಡಿದು, ಓದುವ ಭೂತಗನ್ನಡಿಯಲ್ಲಿ ನೋಡಿದಾಗ ನಮ್ಮ ತಂಪು ಗಾಳಿಯ ನಾಬಿನಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತು. ಹೊಸದಕ್ಕೆ ಆರ್ಡರ್ ಮಾಡುವ ಮುಂಚೆಯೇ ಈ ತಪಾಸಣೆ ಮುಗಿಸಿಕೊಂಡರೆ ಅಂಚೆ ಖರ್ಚೂ ಮೆಕ್ಯಾನಿಕ್‌ನ ಗಂಟೆಗಳೂ ಉಳಿಯುತ್ತವೆ.

ಈಗ ಆಯ್ಕೆಗಳು

ವಿಮಾನ ತಯಾರಿಸಿದ ಕಂಪನಿಯ ಅಸಲಿ ನಾಬು ಎಲ್ಲರ ಮನಸ್ಸಿಗೂ ಮೊದಲು ಬರುತ್ತದೆ. ಸೆಸ್ನಾ ಈಗ ವಿಚಿಟಾದ ಟೆಕ್ಸ್‌ಟ್ರಾನ್ ಏವಿಯೇಷನ್‌ನ ಕೈಯಲ್ಲಿದೆ. 172ರ ತಯಾರಿಕೆ ಇಂದಿಗೂ ನಡೆದಿರುವುದರಿಂದ ನಾಬ್ ಸುಲಭವಾಗಿ ಸಿಕ್ಕೀತು ಎಂದು ನಾನೂ ಭಾವಿಸಿದ್ದೆ. ಆದರೆ 1986ರಲ್ಲಿ ನಿಂತ ತಯಾರಿಕೆ 1996ರಲ್ಲಿ ಮತ್ತೆ ಶುರುವಾದಾಗ ಬಂದ 172 ಬೇರೆಯದು. ಅದರಲ್ಲಿ ಇಂಧನ ಇಂಜೆಕ್ಷನ್ನಿನಲ್ಲಿ ಹೋಗುತ್ತದೆ, ಕಾರ್ಬುರೇಟರೇ ಇಲ್ಲ, ಆದ್ದರಿಂದ ಕಾರ್ಬುರೇಟರ್ ಹೀಟ್ ನಾಬೂ ಇಲ್ಲ. ಹೊಸದರ ಭಾಗ ಹಳೆಯದಕ್ಕೆ ಕೂರುತ್ತದೆ ಎಂದು ಎಣಿಸಬೇಡಿ. ನಿಮ್ಮ ವಿಮಾನದ ಪಾರ್ಟ್ಸ್ ಕ್ಯಾಟಲಾಗ್ ತೆರೆದು, ಸೀರಿಯಲ್ ನಂಬರಿನ ಸಾಲು ನೋಡಿ, ಆ ಪಾರ್ಟ್ ನಂಬರನ್ನೇ ಕೇಳಿ. ಸಿಕ್ಕರೆ ಇದಕ್ಕಿಂತ ತಲೆನೋವಿಲ್ಲದ ದಾರಿ ಇಲ್ಲ. ಸಿಕ್ಕಾಗ ಬೆಲೆ ಕೇಳಿ ಎದೆ ಝಲ್ಲೆನ್ನುವುದೂ ಉಂಟು.

ಎರಡನೆಯದು ಪಿಎಂಎ. ಮೂಲ ಕಂಪನಿಯಲ್ಲದ ಬೇರೆಯವರು ತಯಾರಿಸಿದ ಭಾಗದ ವಿನ್ಯಾಸವನ್ನೂ ಅದನ್ನು ತಯಾರಿಸುವ ವ್ಯವಸ್ಥೆಯನ್ನೂ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಪರಿಶೀಲಿಸಿ ಕೊಡುವ ಒಪ್ಪಿಗೆ ಇದು. ಹಳೆಯ ಸೆಸ್ನಾಗಳ ಕಂಟ್ರೋಲ್ ಕೇಬಲ್ಲಿನ ವಿಷಯದಲ್ಲಿ ಕನ್ಸಾಸ್‌ನ ಬಾಲ್ಡ್ವಿನ್ ಸಿಟಿಯ ಮ್ಯಾಕ್‌ಫಾರ್ಲೇನ್ ಹೆಸರು ಎಲ್ಲ ಹ್ಯಾಂಗರಿನಲ್ಲೂ ಕೇಳುತ್ತದೆ. ಸ್ಟಿನ್ಸನ್, ಎರ್ಕೂಪ್‌ನಂಥ ಇನ್ನೂ ಹಳೆಯ ವಿಮಾನ ಇಟ್ಟುಕೊಂಡವರು ಕೊಲರಾಡೋದ ಯುನಿವೇರ್ ಕಡೆ ನೋಡುತ್ತಾರೆ. ಪಿಎಂಎ ಭಾಗ ಯಾವ ಮಾಡೆಲ್ಲಿಗೆ ಸಲ್ಲುತ್ತದೆ ಎಂಬ ಪಟ್ಟಿ ಇರುತ್ತದೆ. ನಿಮ್ಮ ಮಾಡೆಲ್ ಅದರಲ್ಲಿದೆಯೇ ಎಂದು ನೀವೇ ಓದಿ. ಫೋನಿನಲ್ಲಿ ‘ಕೂರುತ್ತೆ ಬಿಡಿ’ ಎಂದರೆ ಸಾಲದು. ಎಂಜಿನ್ ನಾಬುಗಳಿಗೆ ನನ್ನ ಮೊದಲ ಆಯ್ಕೆ ಇದು. ಕಾಗದವೂ ಸರಿ, ಪ್ಲಾಸ್ಟಿಕ್ಕೂ ಹೊಸದು.

ಗುಜರಿಯ ನಾಬ್ ಮೂರನೆಯದು. ಬಿದ್ದ, ಬಿರುಗಾಳಿಗೆ ಸಿಕ್ಕ, ಹಾರಾಟ ಬಿಟ್ಟ ವಿಮಾನಗಳನ್ನು ಬಿಚ್ಚಿ ಮಾರುವ ಅಂಗಳಗಳು ಅಮೆರಿಕದಲ್ಲಿ ಹಲವಿವೆ. ಬಣ್ಣ, ಆಕಾರ, ಅಕ್ಷರ ಎಲ್ಲ ಹುಬೇಹೂಬು ಸಿಗುವ ಜಾಗ ಇದೊಂದೇ. ಹಳೆಯ ಕಾಕ್‌ಪಿಟ್ಟಿನ ಚೆಲುವನ್ನು ಇದ್ದಂತೆಯೇ ಉಳಿಸಬೇಕೆನ್ನುವವರ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಆ ನಾಬಿಗೂ ನಿಮ್ಮದರಷ್ಟೇ ವಯಸ್ಸು. ನಾನು ತರಿಸಿದ ತಂಪು ಗಾಳಿಯ ನಾಬ್ ಹೊಳೆಯುತ್ತಿತ್ತು. ಬಿಸಿನೀರಿನಲ್ಲಿ ತೊಳೆದಾಗ ಕಪ್ಪು ಬಣ್ಣ ಕರಗಿ, ಅಡಿಯಲ್ಲಿ ತುಂಬಿ ಮುಚ್ಚಿದ್ದ ಬಿರುಕು ಬಾಯಿಬಿಟ್ಟಿತು. ವಾಪಸ್ ಕಳಿಸಿದೆ, ದುಡ್ಡು ಅರ್ಧ ಬಂತು. ಅಂದಿನಿಂದ ಗುಜರಿಯ ನಾಬ್ ಬಂದರೆ ಮೊದಲು ತೊಳೆಯುತ್ತೇನೆ, ಆಮೇಲೆ ಬುಶ್ಶಿನ ಸುತ್ತ ಬೆಳಕು ಹಾಯಿಸುತ್ತೇನೆ, ಕೊನೆಗೆ ಬೆರಳಿನಲ್ಲಿ ತಟ್ಟಿ ಸದ್ದು ಕೇಳುತ್ತೇನೆ. ಮಡಕೆ ಕೊಳ್ಳುವಾಗ ಅಜ್ಜಿ ಮಾಡುತ್ತಿದ್ದುದೂ ಇದನ್ನೇ. ಹಾರಾಟಕ್ಕೆ ಯೋಗ್ಯವೋ ಅಲ್ಲವೋ ಎಂದು ಕೊನೆಗೆ ಹೇಳಬೇಕಾದವರು ಸಹಿ ಹಾಕುವ ಮೆಕ್ಯಾನಿಕ್.

ದೀಪದ ಬೆಳಕು ಏರಿಸಿ ಇಳಿಸುವ ನಾಬಿಗೆ ಇನ್ನೊಂದು ಸುಲಭದ ದಾರಿಯಿದೆ. ಅಮೆರಿಕದ ಸೇನಾ ಮಾನದಂಡದಲ್ಲಿ ಎಂಎಸ್91528 ಎಂಬ ನಾಬುಗಳ ಸಾಲು ಇದೆ: ಮಂಕು ಕಪ್ಪು, ಗ್ರಬ್ ಸ್ಕ್ರೂ ಬಿಗಿಯುವಂಥವು. ನಟ್ಟು ಬೋಲ್ಟಿನ ಹಾಗೆ ಒಪ್ಪಿತ ಮಾನದಂಡದ ಪ್ರಕಾರ ತಯಾರಾದ ಭಾಗಗಳಿಗೆ ನಿಯಮದಲ್ಲಿ ಜಾಗವಿದೆ. ಎಲೆಕ್ಟ್ರಾನಿಕ್ ಅಂಗಡಿಯ ಹೆಸರಿಲ್ಲದ ನಾಬಿಗೆ ಆ ಜಾಗವಿಲ್ಲ.

ನೀವೇ ಮಾಡಿಸಿದ ನಾಬ್

ಇದರ ಬಗ್ಗೆ ತುಸು ಹೆಚ್ಚು ಹೇಳಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಇಲ್ಲೇ ಹೆಚ್ಚು. ಅಮೆರಿಕದ ವಿಮಾನಯಾನ ನಿಯಮ ಎಫ್‌ಎಆರ್ 21.9ರಲ್ಲಿ ವಿಮಾನದ ಮಾಲೀಕ ತನ್ನದೇ ವಿಮಾನಕ್ಕೆ ಬೇಕಾದ ಭಾಗವನ್ನು ತಾನೇ ಉತ್ಪಾದಿಸಬಹುದು ಎಂದಿದೆ. ‘ಹಾಗಾದರೆ ತ್ರೀಡಿ ಪ್ರಿಂಟರ್ ಆನ್ ಮಾಡೋಣ’ ಎನ್ನುವವರೂ ಇದ್ದಾರೆ, ‘ಲೇತ್ ಓಡಿಸಲು ಬರದ ನಾನು ಹೇಗೆ ಮಾಡಲಿ’ ಎಂದು ಹಿಂಜರಿಯುವವರೂ ಇದ್ದಾರೆ. ಇಬ್ಬರೂ ನಿಯಮವನ್ನು ಪೂರ್ತಿ ಓದಿಲ್ಲ.

1993ರ ಆಗಸ್ಟ್ 5ರ ಎಫ್‌ಎಎ ಟಿಪ್ಪಣಿಯೊಂದು ಮಾಲೀಕ ‘ಉತ್ಪಾದಿಸುವುದು’ ಎಂದರೇನು ಎಂದು ಬಿಡಿಸಿ ಹೇಳಿತು. ವಿನ್ಯಾಸದ ವಿವರ ಕೊಡುವುದು, ಸಾಮಗ್ರಿ ಕೊಡುವುದು, ತಯಾರಿಕೆಯ ವಿಧಾನ ಕೊಡುವುದು, ಗುಣಮಟ್ಟ ನೋಡುವ ಕ್ರಮ ಕೊಡುವುದು, ಕೆಲಸದ ಮೇಲ್ವಿಚಾರಣೆ ಮಾಡುವುದು: ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಮಾಲೀಕ ಭಾಗಿಯಾಗಿದ್ದರೆ ಆಯಿತು. ಲೇತ್ ಹಿಡಿಯುವ ಕೈ ಇನ್ನೊಬ್ಬರದಾಗಬಹುದು. ನಾನು ಮಾಡಿದ್ದು ಅದನ್ನೇ. ತಂಪು ಗಾಳಿಯ ಹಳೆಯ ನಾಬನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ನಕ್ಷೆ ಬರೆದು, ದಿನಾಂಕ ಹಾಕಿ ಸಹಿ ಮಾಡಿ, ಊರಿನ ಒಂದು ಲೇತ್ ಅಂಗಡಿಗೆ ಕೊಟ್ಟೆ. ಪೀಣ್ಯದ ಶೆಡ್ಡುಗಳ ವಾಸನೆಯೇ ಅಲ್ಲಿಯೂ: ಕಟಿಂಗ್ ಆಯಿಲ್ಲು, ಬಿಸಿ ಲೋಹದ ಚೂರು. ಆ ವಾಸನೆಗೆ ನನಗೆ ಒಂದು ಗಳಿಗೆ ಊರಿಗೆ ಹೋಗಿ ಬಂದಂತಾಯಿತು.

ಹೀಗೆ ಮಾಡಿದ ಭಾಗವನ್ನು ಬೇರೆಯವರಿಗೆ ಮಾರುವಂತಿಲ್ಲ. ಮೂಲ ಭಾಗದ ವಿನ್ಯಾಸಕ್ಕೆ, ಬಲಕ್ಕೆ, ಸಾಮಗ್ರಿಗೆ ಅದು ಸರಿಹೊಂದಬೇಕು. ಸಾಮಗ್ರಿ ಬದಲಿಸಬೇಕಾದಾಗ ನೋಡಬೇಕಾದ ಎಫ್‌ಎಎ ಸಲಹಾ ಪತ್ರದ ಹೆಸರು ಎಸಿ 23-27. ಹಳೆಯ ಸಣ್ಣ ವಿಮಾನಗಳಲ್ಲಿ ಭಾಗ ಮತ್ತು ಸಾಮಗ್ರಿಗಳನ್ನು ಬದಲಿಸುವುದಕ್ಕೆಂದೇ 2009ರಲ್ಲಿ ಬಂದದ್ದು. 172ರ ವಿನ್ಯಾಸಕ್ಕೆ ಒಪ್ಪಿಗೆ ಪತ್ರವಾದ ಟೈಪ್ ಸರ್ಟಿಫಿಕೇಟ್ 3ಎ12 ಸಿಕ್ಕದ್ದು 1955ರಲ್ಲಿ, ಹಾಗಾಗಿ ಅದು ನಮಗೆ ಸಲ್ಲುತ್ತದೆ.

ಇನ್ನು ಸಾಮಗ್ರಿ. ತ್ರೀಡಿ ಪ್ರಿಂಟರಿನಲ್ಲಿ ಎಲ್ಲರೂ ಮೊದಲು ಹಾಕುವ ಪಿಎಲ್‌ಎ 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಿಮಾನದ ಪ್ಯಾನೆಲ್ ಮುಟ್ಟಿದವರಿಗೆ ಇದು ಸಾಕು. ಪಿಇಟಿಜಿ 80ರ ಆಸುಪಾಸು, ಎಬಿಎಸ್ 105ರ ಆಸುಪಾಸು. ಎಬಿಎಸ್ ಬಿಸಿಗೆ ತಡೆದೀತು, ಆದರೆ ಪ್ರಿಂಟಿನ ಪದರಗಳು ನಾಬ್ ಎಳೆಯುವ ದಿಕ್ಕಿಗೆ ಅಡ್ಡವಾಗಿದ್ದರೆ ಎಳೆದಾಗ ಪದರವೇ ಬಿಟ್ಟುಕೊಳ್ಳುತ್ತದೆ. ಇದರ ಮೇಲೆ ಬೆಂಕಿಯ ಪ್ರಶ್ನೆ: ಕ್ಯಾಬಿನ್ನಿನೊಳಗಿನ ಸಾಮಗ್ರಿ ಬೇಗ ಹೊತ್ತಿಕೊಳ್ಳುವಂತಿರಬಾರದು ಎಂಬ ನಿಯಮ ಈ ವಿಮಾನ ಹುಟ್ಟಿದ ಕಾಲದಿಂದಲೂ ಇದೆ. ಜೆಟ್ ವಿಮಾನಗಳೊಳಗೆ ಬಳಸುವ ಅಲ್ಟೆಮ್ 9085 ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಆದರೆ ಅದನ್ನು ಕರಗಿಸುವ ಪ್ರಿಂಟರ್ ಮನೆಯ ಮೇಜಿನ ಮೇಲೆ ಇರುವುದಿಲ್ಲ. ಲೇತಿನವರು ಪ್ರೀತಿಯಿಂದ ಡೆಲ್ರಿನ್ ಸೂಚಿಸುತ್ತಾರೆ, ಬೆಣ್ಣೆಯ ಹಾಗೆ ಕೊರೆಯಬಹುದು ಎಂದು. ಡೆಲ್ರಿನ್ ಹೊತ್ತಿದರೆ ಜ್ವಾಲೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕಾಕ್‌ಪಿಟ್ಟಿಗೆ ನನಗದು ಬೇಡ. ನಾನು ಆರಿಸಿದ್ದು 6061 ಅಲ್ಯೂಮಿನಿಯಂ. ಚಳಿಗಾಲದಲ್ಲಿ ಬೆರಳು ಕೊರೆಯುತ್ತದೆ ಎಂಬುದೊಂದೇ ಕೊರತೆ.

ಒಟ್ಟಿನಲ್ಲಿ ತಂಪು ಗಾಳಿಯ ನಾಬಿಗೆ ಈ ದಾರಿ ಬಹಳ ಚೆನ್ನಾಗಿ ಹೊಂದುತ್ತದೆ. ಥ್ರಾಟಲ್, ಮಿಕ್ಸ್‌ಚರಿಗೂ ನಿಯಮದ ಪ್ರಕಾರ ಆಗಬಹುದು. ಆದರೆ ಹೊಸ ಪಿಎಂಎ ಭಾಗ ಸಿಗುವಾಗ ನನ್ನ ನಕ್ಷೆಯ ಮೇಲೆ ನನ್ನ ಮನೆಯವರನ್ನು ಕೂರಿಸಿಕೊಂಡು ಹಾರಲು ನನಗೆ ಮನಸ್ಸಿಲ್ಲ.

ಇಡೀ ಕೇಬಲ್

ನಮ್ಮ ಮೆಕ್ಯಾನಿಕ್ ನಲವತ್ತು ವರ್ಷದಿಂದ ಸಣ್ಣ ವಿಮಾನಗಳ ಕೆಳಗೆ ಮಲಗಿ ಎದ್ದವರು. ಒಡೆದ ನಾಬನ್ನು ಅವರು ನೋಡಲೇ ಇಲ್ಲ. ನೇರ ಪ್ಯಾನೆಲ್ಲಿನ ಕೆಳಗೆ ತಲೆ ಹಾಕಿ ಕೇಬಲ್ಲನ್ನು ಮುಂದೆ ಹಿಂದೆ ಆಡಿಸಿದರು, ಎಂಜಿನ್ನಿನ ಮುಚ್ಚಳ ತೆಗೆದು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲನ್ನು ಕೇಬಲ್ ದಾಟುವ ಜಾಗ ನೋಡಿದರು. ಅಲ್ಲಿ ಹೊರಕವಚ ತಿಕ್ಕಿ ತಿಕ್ಕಿ ತಂತಿ ಕಾಣುತ್ತಿತ್ತು. ಕೇಬಲ್ ಬಿಗಿಯಾಗಿದೆ, ಬಿಗಿಯಾದದ್ದನ್ನು ನಾವು ಜೋರಾಗಿ ಎಳೆದಿದ್ದೇವೆ, ಅದರ ಭಾರವೆಲ್ಲ ನಾಬಿನ ಮೇಲೆ ಬಿದ್ದಿದೆ ಎಂದು ವಿವರಿಸಿದರು.

ನಾಬ್ ಬದಲಿಸಬೇಕೋ ಕೇಬಲ್ ಬದಲಿಸಬೇಕೋ ಎಂದು ತೂಗುವಾಗ ಈ ಪರೀಕ್ಷೆಯೇ ನಿರ್ಣಾಯಕ. ಹಲವು ಕೇಬಲ್ಲುಗಳಲ್ಲಿ ನಾಬ್ ಸರಳಿಗೆ ಅಚ್ಚಿನಲ್ಲೇ ಕೂತಿರುತ್ತದೆ. ಅಲ್ಲಿ ಆಯ್ಕೆಯೇ ಇಲ್ಲ, ಇಡೀ ಕೇಬಲ್ ಬದಲಿಸಬೇಕು. ಕಳಚಲು ಬರುವಂಥದ್ದಾದರೂ, ಸರಳು ಸಲೀಸಾಗಿ ಓಡದಿದ್ದರೆ, ಕವಚ ತಿಕ್ಕಿದ್ದರೆ, ತಂತಿ ಎಲ್ಲಿಯಾದರೂ ಸೊಟ್ಟಗಾಗಿದ್ದರೆ ಹೊಸ ನಾಬ್ ಹಾಕುವುದು ಸೋರುವ ಕೊಡಕ್ಕೆ ಬಣ್ಣ ಹಚ್ಚಿದ ಹಾಗೆ. ಕೇಬಲ್ ದುಬಾರಿ, ಕೂಲಿ ಅದಕ್ಕಿಂತ ದುಬಾರಿ, ಪ್ಯಾನೆಲ್ಲಿನ ಕೆಳಗೆ ತಲೆಕೆಳಗಾಗಿ ಮಲಗುವ ಕೆಲಸ. ಆದರೂ ನಮ್ಮ ಮಿಕ್ಸ್‌ಚರಿಗೆ ಹಾಕಿಸಿದ್ದು ಪಿಎಂಎಯ ಇಡೀ ಕೇಬಲ್; ಈಗ ಎರಡು ಬೆರಳಿನಲ್ಲಿ ಎಳೆದರೆ ಬರುತ್ತದೆ.

ನಾಬ್ ಮಾತ್ರ ಬದಲಿಸುವವರು ತಪ್ಪಿಸಿಕೊಳ್ಳಬಾರದ ಒಂದು ಅಳತೆ ಇಲ್ಲೇ ಇದೆ. ನಾಬನ್ನು ಪೂರ್ತಿ ಒಳಕ್ಕೆ ತಳ್ಳಿದಾಗ ಅದು ಪ್ಯಾನೆಲ್ಲಿಗೆ ತಾಗುವ ಮುಂಚೆಯೇ ಅತ್ತ ಕಾರ್ಬುರೇಟರಿನ ತೋಳು ತನ್ನ ಕೊನೆ ಮುಟ್ಟಿರಬೇಕು. ಅದಕ್ಕಾಗಿ ನಾಬಿನ ಹಿಂದೆ ಸುಮಾರು 1/8 ಅಂಗುಲ, ಅಂದರೆ 3 ಮಿಲಿಮೀಟರಿನಷ್ಟು ಸಂದು ಬಿಡುತ್ತಾರೆ. ಹೊಸ ನಾಬಿನ ಬೆನ್ನು ಹಳೆಯದಕ್ಕಿಂತ 4 ಮಿಲಿಮೀಟರ್ ಉದ್ದವಿದ್ದರೆ ಸಂದು ಮಾಯ. ನಾಬ್ ಪ್ಯಾನೆಲ್ಲಿಗೆ ಬಡಿದು ನಿಲ್ಲುತ್ತದೆ, ಪೂರ್ತಿ ತಳ್ಳಿದ್ದೇನೆ ಎಂದು ನೀವು ನಂಬುತ್ತೀರಿ, ಅತ್ತ ಥ್ರಾಟಲ್ ಪೂರ್ತಿ ತೆರೆದೇ ಇರುವುದಿಲ್ಲ.

ಅಳತೆಯ ಎರಡು ಬಲೆಗಳು

ಭಾರತದಿಂದ ಬಂದ ನಮಗೆ ಮಿಲಿಮೀಟರ್ ರಕ್ತದಲ್ಲಿದೆ, ಈ ವಿಮಾನಗಳ ರಕ್ತದಲ್ಲಿ ಅಂಗುಲವಿದೆ. ದೀಪದ ನಾಬ್ ಕೂರುವ ದಂಡ 1/4 ಅಂಗುಲ, ಅಂದರೆ 6.35 ಮಿಲಿಮೀಟರ್. 6 ಮಿಲಿಮೀಟರಿನ ನಾಬ್ ಅದಕ್ಕೆ ಹೋಗುವುದೇ ಇಲ್ಲ; ಇದು ಬೇಗ ಗೊತ್ತಾಗುವುದರಿಂದ ಅಪಾಯವಿಲ್ಲ.

ಅಪಾಯ ಇರುವುದು ತಿರುಪಿನ ಎಳೆಯಲ್ಲಿ. ಅಮೆರಿಕದ 10-32 ಎಂಬ ಎಳೆ ಅಂಗುಲಕ್ಕೆ 32 ಸುತ್ತು, ಅಂದರೆ ಸುತ್ತೊಂದಕ್ಕೆ 0.794 ಮಿಲಿಮೀಟರ್. ನಮ್ಮ ಮೆಟ್ರಿಕ್ ಎಂ5ರದ್ದು 0.8. ದಪ್ಪದಲ್ಲಿ 10-32 ಸರಳು 4.83, ಎಂ5 ಸರಳು 5. ಹೀಗಾಗಿ ಎಂ5 ಎಳೆ ಕೊರೆದ ನಾಬು 10-32 ಸರಳಿನ ಮೇಲೆ ಸಲೀಸಾಗಿ ಏರುತ್ತದೆ, ಕೂತಂತೆಯೂ ಕಾಣುತ್ತದೆ. ಎಳೆಗಳ ತುದಿ ಮಾತ್ರ ಹಿಡಿದಿರುತ್ತದೆ, ಅಷ್ಟೆ. ಎಂಜಿನ್ನಿನ ನಡುಕಕ್ಕೆ ಅದು ಎಷ್ಟು ದಿನ ನಿಂತೀತು? ಸರಳಿನ ಎಳೆಯನ್ನು ಥ್ರೆಡ್ ಗೇಜಿನಲ್ಲಿ ನೋಡಿ, ದಪ್ಪವನ್ನು ಕ್ಯಾಲಿಪರಿನಲ್ಲಿ ನೋಡಿ, ಎರಡೂ ಒಪ್ಪಿದ ಮೇಲೆ ನಂಬಿ.

ಸಡಿಲಾದೀತೆಂದು ಎಳೆಗೆ ಲಾಕ್‌ಟೈಟ್ ಹಾಕುವ ಅಭ್ಯಾಸವಿದೆ. ಹಿತ್ತಾಳೆ ಬುಶ್ಶಿಗೆ ಸರಿ. ನೇರ ಪ್ಲಾಸ್ಟಿಕ್ಕಿಗೆ ತಾಗಿದರೆ, ಎಬಿಎಸ್‌ನಂಥ ಪ್ಲಾಸ್ಟಿಕ್ಕುಗಳಲ್ಲಿ ಆ ದ್ರವವೇ ಬಿರುಕು ಹುಟ್ಟಿಸುತ್ತದೆ. ಅಂಟನ್ನು ನಾನು ಪಟ್ಟಿಯಿಂದ ಹೊರಗಿಟ್ಟದ್ದಕ್ಕೂ ಕಾರಣ ಇದಕ್ಕೆ ಹತ್ತಿರದ್ದೇ: ಕುಗ್ಗಿ ಬಿರಿದ ಪ್ಲಾಸ್ಟಿಕ್ಕಿನ ಒಳಗಿನ ಎಳೆತ ಎಪಾಕ್ಸಿ ಹಚ್ಚಿದ ಮೇಲೂ ಹಾಗೇ ಉಳಿದಿರುತ್ತದೆ, ಪಕ್ಕದಲ್ಲಿ ಇನ್ನೊಂದು ಬಿರುಕು ತೆಗೆಯುತ್ತದೆ.

ಯಾರ ಕೈ, ಯಾರ ಸಹಿ

ಪೈಲಟ್ ಲೈಸೆನ್ಸ್ ಇರುವ ಮಾಲೀಕ ತಾನೇ ಮಾಡಬಹುದಾದ ಕೆಲಸಗಳ ಪಟ್ಟಿ ಅಮೆರಿಕದ ನಿಯಮದ 43ನೇ ಭಾಗದ ಕೊನೆಯಲ್ಲಿದೆ. ಕ್ಯಾಬಿನ್ನಿನ ಅಲಂಕಾರದ ವಸ್ತುಗಳನ್ನು ಸರಿಪಡಿಸುವುದು ಅದರಲ್ಲಿದೆ. ಎಂಜಿನ್ ಕಂಟ್ರೋಲ್ ಬಿಚ್ಚಿ ಜೋಡಿಸುವುದು ಇಲ್ಲ. ಅದಕ್ಕೆ ಎ ಆ್ಯಂಡ್ ಪಿ, ಅಂದರೆ ವಿಮಾನದ ಒಡಲು ಮತ್ತು ಎಂಜಿನ್ ಎರಡಕ್ಕೂ ಲೈಸೆನ್ಸ್ ಇರುವ ಮೆಕ್ಯಾನಿಕ್ ಬೇಕು. ಆಲ್ಟಿಮೀಟರ್ ಥರದ ಉಪಕರಣದ ನಾಬ್ ಮುರಿದರೆ ಮೆಕ್ಯಾನಿಕ್ ಕೂಡ ಉಪಕರಣವನ್ನು ರಿಪೇರಿ ಮಾಡುವಂತಿಲ್ಲ, ಅದು ಅದಕ್ಕೆಂದೇ ಒಪ್ಪಿಗೆ ಪಡೆದ ಇನ್‌ಸ್ಟ್ರುಮೆಂಟ್ ಶಾಪಿಗೆ ಹೋಗಬೇಕು. ಕೆಲಸ ಎಷ್ಟೇ ಚಿಕ್ಕದಿರಲಿ, ಲಾಗ್‌ಬುಕ್ಕಿನಲ್ಲಿ ಪಾರ್ಟ್ ನಂಬರ್ ಸಮೇತ ಬರೆಸಿ. ಮಾಲೀಕ ಮಾಡಿಸಿದ ಭಾಗವಾದರೆ ನಕ್ಷೆಯ ಪ್ರತಿಯನ್ನೂ ಅದರ ಜೊತೆ ಇಡಿ. ಮುಂದೆ ವಿಮಾನ ಕೊಳ್ಳುವವರು ಈ ಅಲ್ಯೂಮಿನಿಯಂ ನಾಬ್ ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ ಪುಷ್ಪಕ್ ಇದೇ ಜಾತಿಯ ವಿಮಾನ. ಅಮೆರಿಕದ ಏರೋಂಕಾ ಚೀಫ್‌ನ ಹೋಲಿಕೆ, ಕಾಂಟಿನೆಂಟಲ್ ಸಿ90 ಎಂಜಿನ್. ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಕಟ್ಟಿದ್ದು. ಅಂಥ ವಿಮಾನವನ್ನು ಮತ್ತೆ ಎಬ್ಬಿಸುವ ಕನಸು ಯಾರಿಗಾದರೂ ಇದ್ದರೆ ನಾಬಿನ ಪ್ಲಾಸ್ಟಿಕ್, ಎಳೆ, ಸಂದಿನ ಮಾತೆಲ್ಲ ಅಲ್ಲಿಗೂ ಸಲ್ಲುತ್ತದೆ. ಆದರೆ ಮಾಲೀಕನೇ ಭಾಗ ಉತ್ಪಾದಿಸುವ ಮೇಲಿನ ನಿಯಮ ಅಮೆರಿಕದಲ್ಲಿ ನೋಂದಾಯಿಸಿದ ವಿಮಾನಗಳದ್ದು. ವಿಟಿ ಅಕ್ಷರ ಹೊತ್ತ, ಅಂದರೆ ಭಾರತದಲ್ಲಿ ನೋಂದಾಯಿಸಿದ ವಿಮಾನಕ್ಕೆ ಅಲ್ಲಿನ ವಿಮಾನಯಾನ ಇಲಾಖೆ ಡಿಜಿಸಿಎಯ ನಿಯಮ, ಅಲ್ಲಿನ ಲೈಸೆನ್ಸ್ ಇರುವ ಎಎಂಇಯ (ವಿಮಾನ ನಿರ್ವಹಣಾ ಎಂಜಿನಿಯರ್) ಸಹಿ. ಲೇತಿನವರ ಹತ್ತಿರ ಹೋಗುವ ಮುಂಚೆ ಆ ಎಎಂಇಯನ್ನು ಕೇಳಿ.

ನಾಬ್ ಕೂರಿಸಿದ ದಿನ ಮೆಕ್ಯಾನಿಕ್ ನನ್ನನ್ನು ಒಳಗೆ ಕೂರಿಸಿ, ತಾವು ಎಂಜಿನ್ನಿನ ಪಕ್ಕ ನಿಂತು, ಒಂದೊಂದೇ ನಾಬನ್ನು ಪೂರ್ತಿ ಒಳಗೆ, ಪೂರ್ತಿ ಹೊರಗೆ ಹಾಕಿಸಿದರು. ನನ್ನ ಕೈ ಹೇಳುವುದಕ್ಕೂ ಅಲ್ಲಿ ತೋಳು ಮುಟ್ಟುವುದಕ್ಕೂ ತಾಳೆ ನೋಡಿದರು. ಕಾರ್ಬುರೇಟರ್ ತುದಿಯ ಕ್ಯಾಸಲ್ ನಟ್ಟಿಗೆ ಕಾಟರ್ ಪಿನ್ ಇದೆಯೇ, ಬೋಲ್ಟು ಸಲೀಸಾಗಿ ತಿರುಗುತ್ತದೆಯೇ ಎಂದು ಬೆರಳಿಟ್ಟು ತೋರಿಸಿದರು. ಆಮೇಲೆ ತಂಪು ಗಾಳಿಯ ನಾಬಿನ ಲಾಕ್ ನಟ್ಟಿನಿಂದ ಸರಳಿನವರೆಗೆ ನಟ್ಟು ಅಲುಗಿದರೆ ಬಿರಿಯುವ ಕಿತ್ತಳೆ ಬಣ್ಣದ ಟಾರ್ಕ್ ಸೀಲಿನಲ್ಲಿ ಒಂದು ಗೆರೆ ಎಳೆದು, ಹತ್ತು ಗಂಟೆ ಹಾರಿಸಿ ಬಾ, ಗೆರೆ ತುಂಡಾಗಿದೆಯೇ ನೋಡೋಣ ಎಂದರು. ಈ ವಾರಕ್ಕೆ ಹದಿನಾಲ್ಕು ಗಂಟೆ ಆಯಿತು. ಪ್ರತಿ ಸಲ ಹಾರುವ ಮುಂಚೆ ಟಾರ್ಚ್ ಹಾಕಿ ನೋಡುತ್ತೇನೆ. ಗೆರೆ ಇನ್ನೂ ಒಂದೇ ಆಗಿದೆ.